ಎರಡು ನಿರ್ದೇಶನಾಲಯಗಳ ವಿಲೀನ: ಕಡತದ ಹಿಂದೆ ನಡೆದ ನನ್ನ ಅನುಭವ

ಒಂದೇ ಸಚಿವಾಲಯ ಇಲಾಖೆಯ ಅಡಿಯಲ್ಲಿದ್ದ ಎರಡು ನಿರ್ದೇಶನಾಲಯಗಳನ್ನು ವಿಲೀನಗೊಳಿಸುವ ಪ್ರಸ್ತಾವನೆ ಸಿದ್ಧಪಡಿಸಲು ನನ್ನನ್ನು ನಿಯೋಜಿಸಿದಾಗ, ಕರ್ನಾಟಕ ಸರ್ಕಾರದ ಸೇವೆಯಲ್ಲಿ ನಾನು 22 ವರ್ಷ ಪೂರೈಸಿದ್ದೆ. ಕೆಲಸ ಆರಂಭಿಸುವ ಮೊದಲು ಹಳೆಯ ವರದಿಗಳನ್ನು ತರಿಸಿಕೊಂಡು ಓದಿದೆ. ಕೇಂದ್ರದ ಮೊದಲನೆಯ ಆಡಳಿತ ಸುಧಾರಣಾ ಆಯೋಗವನ್ನು ಕೆಲಕಾಲ ಕೆಂಗಲ್ ಹನುಮಂತಯ್ಯನವರು, ಎರಡನೆಯದನ್ನು ವೀರಪ್ಪ ಮೊಯಿಲಿಯವರು ಮುನ್ನಡೆಸಿದ್ದರು; ನಮ್ಮ ರಾಜ್ಯದ ಆಯೋಗವು ಹಾರನಹಳ್ಳಿ ರಾಮಸ್ವಾಮಿಯವರ ಅಧ್ಯಕ್ಷತೆಯಲ್ಲಿ 2001ರಲ್ಲಿ ವರದಿ ನೀಡಿತ್ತು. ಶಿಫಾರಸುಗಳಿಗೆ ಕೊರತೆಯಿರಲಿಲ್ಲ. ಅವನ್ನು ಒಂದು ಕಚೇರಿಯ ಮೇಜಿನವರೆಗೆ ತರುವುದು ಹೇಗೆ ಎಂಬುದನ್ನು ಮಾತ್ರ ನಾವೇ ಕಂಡುಕೊಳ್ಳಬೇಕಿತ್ತು.

ಮೇಲಧಿಕಾರಿಗಳು ಮೊದಲು ಕೇಳಿದ್ದು ಹುದ್ದೆಗಳ ತಖ್ತೆಯನ್ನು: ಮಂಜೂರಾದವು ಎಷ್ಟು, ಭರ್ತಿಯಾದವು ಎಷ್ಟು, ಖಾಲಿ ಎಷ್ಟು, ವಿಲೀನದಿಂದ ಎಷ್ಟು ಉಳಿತಾಯ. ಅದನ್ನು ಕೊಟ್ಟೆ. ಆದರೆ ಖಾಲಿ ಹುದ್ದೆಗಳನ್ನು ರದ್ದುಪಡಿಸಿ ಉಳಿತಾಯವೆಂದು ತೋರಿಸುವುದರಿಂದ ಅರ್ಜಿದಾರನಿಗೆ ಒಂದು ದಿನವೂ ಮಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಆದ್ದರಿಂದ ಹದಿನೈದು ದಿನಗಳ ಕಾಲಾವಕಾಶ ಕೋರಿ, ಎರಡೂ ನಿರ್ದೇಶನಾಲಯಗಳ ಒಪ್ಪಿಗೆ ಬೇಕಾಗುವ ಒಂದು ಅನುಮತಿಯ ಕಡತಗಳನ್ನು ಟಪಾಲು ಶಾಖೆಯಿಂದ ಆದೇಶ ಹೊರಡುವವರೆಗೆ ಹಾಳೆಹಾಳೆಯಾಗಿ ಓದಿದೆ.

ಅವುಗಳಲ್ಲಿ ಒಂದು ಕಡತ ಇಂದಿಗೂ ಕಣ್ಣ ಮುಂದಿದೆ. ಅದು 9 ಮೇಜುಗಳನ್ನು ಹಾದುಹೋಗಿತ್ತು. ವಿಷಯ ನಿರ್ವಾಹಕರು ಎರಡೇ ದಿನಗಳಲ್ಲಿ ಟಿಪ್ಪಣಿ ಮಂಡಿಸಿದ್ದರು. ಅಧೀಕ್ಷಕರು ‘ಪರಿಶೀಲಿಸಿದೆ, ಮೇಲಿನಂತೆ ಮಂಡಿಸಿದೆ’ ಎಂದು ಬರೆದು ಮೇಲಕ್ಕೆ ಕಳುಹಿಸಿದ್ದರು. ಅವರ ಮೇಲಿನ ಹಂತದಲ್ಲಿ ಅಂಚಿನಲ್ಲಿ ಒಂದೇ ಪದವಿತ್ತು: ‘ಚರ್ಚಿಸಿ’. ವಿಷಯ ನಿರ್ವಾಹಕರು ಚುನಾವಣಾ ಕರ್ತವ್ಯಕ್ಕೆ ಹೋಗಿದ್ದರಿಂದ ಆ ಒಂದು ಪದಕ್ಕಾಗಿ ಕಡತವು 17 ದಿನ ಕಪಾಟಿನಲ್ಲಿ ಕುಳಿತಿತ್ತು. ನಂತರ ‘ಚರ್ಚಿಸಿದಂತೆ ಮರುಮಂಡಿಸಿದೆ’ ಎಂಬ ಸಾಲಿನೊಂದಿಗೆ ಅದೇ ಟಿಪ್ಪಣಿ, ಒಂದಕ್ಷರವೂ ಬದಲಾಗದೆ, ಮತ್ತೆ ಮೇಲೇರಿತ್ತು. ಅಲ್ಲಿಂದ ಅಭಿಪ್ರಾಯ ಕೋರಿ ಇನ್ನೊಂದು ನಿರ್ದೇಶನಾಲಯಕ್ಕೆ ಪತ್ರ ಹೋಗಿತ್ತು. ಅವರು ತಮ್ಮ ತಾಲ್ಲೂಕು ಅಧಿಕಾರಿಯಿಂದ ವರದಿ ಕೇಳಿದ್ದರು. ಮೊದಲ ನಿರ್ದೇಶನಾಲಯದವರು ನೋಡಿ ಬಂದ ಅದೇ ಜಾಗಕ್ಕೆ ಆ ಅಧಿಕಾರಿ ಮತ್ತೊಮ್ಮೆ ಹೋಗಿ, ಅದೇ ದಾಖಲೆಗಳ ನಕಲನ್ನು ಅದೇ ಅರ್ಜಿದಾರರಿಂದ ಪಡೆದುಕೊಂಡಿದ್ದರು. 9 ಮಂದಿಯಲ್ಲಿ ಕಡತಕ್ಕೆ ಹೊಸದೇನನ್ನಾದರೂ ಸೇರಿಸಿದವರು 3 ಮಂದಿ. ಆ ಟಿಪ್ಪಣಿ ಹಾಳೆಯ ನಕಲನ್ನು, ಹೆಸರುಗಳನ್ನು ಮರೆಮಾಡಿ, ಪ್ರಸ್ತಾವನೆಯ ಮೊದಲ ಅನುಬಂಧವಾಗಿ ಇರಿಸಿದೆ.

ಹೀಗಾಗಿ ವಿಲೀನಕ್ಕೆ ಮೊದಲೇ ಎರಡು ಕೆಲಸಗಳನ್ನು ಮಾಡಿದೆವು. ಜಂಟಿ ಸ್ಥಳ ಪರಿಶೀಲನೆಗೆ ಆದೇಶ ಹೊರಡಿಸಿ, ಎರಡೂ ಕಡೆಗೆ ಒಂದೇ ನಮೂನೆಯ ವರದಿಯನ್ನು ನಿಗದಿಪಡಿಸಿದೆವು. ಸಾಮಾನ್ಯ ಪ್ರಕರಣಗಳಲ್ಲಿ ಅನುಮತಿ ನೀಡುವ ಅಧಿಕಾರವನ್ನು ಜಿಲ್ಲಾ ಮಟ್ಟಕ್ಕೆ ಪ್ರತ್ಯಾಯೋಜಿಸಿದೆವು. ಇವೆರಡಕ್ಕೂ ಸಚಿವ ಸಂಪುಟದ ಮುಂದೆ ಹೋಗುವ ಅಗತ್ಯವಿರಲಿಲ್ಲ. ಸರ್ಕಾರಿ ಸೇವೆಗಳನ್ನು ನಿಗದಿತ ಕಾಲದೊಳಗೆ ನೀಡಬೇಕೆನ್ನುವ ಸಕಾಲ ಕಾಯ್ದೆ 2011ರಲ್ಲಿಯೇ ಬಂದಿತ್ತು. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೊಡಬೇಕೆಂಬುದು ಅದರಲ್ಲಿದೆ. ಆದರೆ ಕಾಲಮಿತಿಯನ್ನು ಗೊತ್ತುಮಾಡಿ, ಕಡತ ಏರುವ ಮೆಟ್ಟಿಲುಗಳನ್ನು ಹಾಗೆಯೇ ಬಿಟ್ಟರೆ ಒತ್ತಡವೆಲ್ಲ ಕೆಳಗಿನ ನೌಕರನ ಹೆಗಲಿಗೆ ಬೀಳುತ್ತದೆ. ಅದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ವಿಲೀನದ ನಿಜವಾದ ಕಗ್ಗಂಟು ಜ್ಯೇಷ್ಠತೆ. ನೌಕರರೊಡನೆ ನಡೆಸಿದ ಮೊದಲ ಸಭೆಯಲ್ಲಿಯೇ ಒಬ್ಬ ಪ್ರಥಮ ದರ್ಜೆ ಸಹಾಯಕರು ಎದ್ದು ನಿಂತು, “ಸರ್, ಮುಂಬಡ್ತಿಯ ಸರದಿಯಲ್ಲಿ ನಾನೀಗ ಮೂರನೆಯವನು. ವಿಲೀನವಾದ ಮೇಲೆ ಎಷ್ಟನೆಯವನಾಗುತ್ತೇನೆ?” ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ, ಸಭೆಯನ್ನು ಮುಂದೂಡಿದೆ. 1956ರಲ್ಲಿ ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು ಮತ್ತು ಕೊಡಗಿನ ನೌಕರರು ಒಂದೇ ರಾಜ್ಯದ ಸೇವೆಗೆ ಸೇರಿದಾಗ ಎದ್ದ ಜ್ಯೇಷ್ಠತೆಯ ವ್ಯಾಜ್ಯಗಳು ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ನಡೆದವು. ಅದು ನೆನಪಿದ್ದವರು ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಾರರು. ನಾವು ಮೊದಲು ತತ್ಸಮಾನ ಹುದ್ದೆಗಳನ್ನು ಗುರುತಿಸಿ, 1957ರ ಜ್ಯೇಷ್ಠತಾ ನಿಯಮಗಳಂತೆ ತಾತ್ಕಾಲಿಕ ಪಟ್ಟಿ ಪ್ರಕಟಿಸಿ, ಪ್ರತಿಯೊಂದು ಹೆಸರಿನ ಎದುರು ಆ ಸ್ಥಾನಕ್ಕೆ ಕಾರಣವೇನೆಂಬುದನ್ನು ಬರೆದೆವು. ಸಂವಿಧಾನದ 371(ಜೆ) ಅನುಚ್ಛೇದದಂತೆ ಕಲ್ಯಾಣ ಕರ್ನಾಟಕ ಭಾಗದ ಸ್ಥಳೀಯ ವೃಂದವನ್ನು (ಆ ಭಾಗದ ಹುದ್ದೆಗಳ ಪ್ರತ್ಯೇಕ ಗುಂಪನ್ನು) ಪ್ರತ್ಯೇಕವಾಗಿಯೇ ಉಳಿಸಿಕೊಳ್ಳಬೇಕಿತ್ತು. ಮೊದಲ ಕರಡಿನಲ್ಲಿ ಅದು ಬಿಟ್ಟುಹೋಗಿ, ಪಟ್ಟಿಯನ್ನು ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. ಆ ಸಹಾಯಕರು ಅಂತಿಮ ಪಟ್ಟಿಯಲ್ಲಿ ಐದನೆಯವರಾದರು. ಅವರನ್ನು ಕೂರಿಸಿಕೊಂಡು ಮೇಲಿನ ನಾಲ್ವರ ನೇಮಕಾತಿ ದಿನಾಂಕಗಳನ್ನು ಒಂದೊಂದಾಗಿ ತೋರಿಸಿದೆ. ಅವರಿಗೆ ನೋವಾಯಿತು, ಆದರೂ ಆಕ್ಷೇಪಣೆ ಸಲ್ಲಿಸಲಿಲ್ಲ.

ನಾವು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಆದೇಶವನ್ನು ಆರ್ಥಿಕ ವರ್ಷದ ನಡುವೆ ಜಾರಿಗೊಳಿಸಿದೆವು. ಹಳೆಯ ಕಚೇರಿಯ ಡಿಡಿಓ (ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರಿ) ಸಂಕೇತವನ್ನು ಮುಚ್ಚಿದ ದಿನ, ಅಲ್ಲಿನ ಸಿಬ್ಬಂದಿಯ ವಿವರಗಳು, ನೌಕರರ ಸಂಬಳ ಮತ್ತು ಸೇವಾ ವಿವರಗಳ ಗಣಕ ವ್ಯವಸ್ಥೆಯಾದ ಎಚ್‌ಆರ್‌ಎಂಎಸ್‌ನಲ್ಲಿ ಹೊಸ ಕಚೇರಿಗೆ ಇನ್ನೂ ವರ್ಗಾವಣೆಯಾಗಿರಲಿಲ್ಲ. ಒಂದು ತಿಂಗಳ ಸಂಬಳ ಮೂರು ವಾರ ತಡವಾಯಿತು. ಸಾಲದ ಕಂತು ಕಟ್ಟಬೇಕಾಗಿದ್ದ ಗ್ರೂಪ್ ‘ಡಿ’ ನೌಕರರು ನನ್ನ ಕೊಠಡಿಯ ಹೊರಗೆ ಮಾತಿಲ್ಲದೆ ನಿಂತಿದ್ದರು. ಲೆಕ್ಕ ಶೀರ್ಷಿಕೆ, ಡಿಡಿಓ ಸಂಕೇತ ಮತ್ತು ಸೇವಾ ಪುಸ್ತಕ, ಈ ಮೂರೂ ಹೊಸ ಕಚೇರಿಗೆ ತಲುಪಿವೆ ಎಂದು ಖಾತ್ರಿಯಾಗುವವರೆಗೆ ಹಳೆಯದನ್ನು ಮುಚ್ಚಬಾರದು; ಸಾಧ್ಯವಿದ್ದರೆ ಏಪ್ರಿಲ್ 1ರಿಂದಲೇ ಜಾರಿಗೊಳಿಸಬೇಕು.

ವಿಲೀನದ ನಂತರವೂ ಜಿಲ್ಲೆಗಳಿಂದ ಕಡತಗಳು ‘ಮಾರ್ಗದರ್ಶನ ಕೋರಿ’ ಬರುತ್ತಲೇ ಇದ್ದವು. ಅಧಿಕಾರ ಕೊಟ್ಟಿದ್ದರೂ ಅಧಿಕಾರಿಗಳು ಸಹಿ ಹಾಕಲು ಹಿಂಜರಿಯುತ್ತಿದ್ದರು. ಅದು ಸೋಮಾರಿತನವೆಂದು ನನಗೆ ಅನಿಸಲಿಲ್ಲ. ನಾಳೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದರೆ ತಾನೊಬ್ಬನೇ ಉತ್ತರಿಸಬೇಕಾಗುತ್ತದೆ ಎಂಬ ಭಯವದು. ಪರಿಶೀಲನಾ ಪಟ್ಟಿಯಲ್ಲಿರುವ ಅಂಶಗಳನ್ನು ನೋಡಿ ಸದುದ್ದೇಶದಿಂದ ಕೈಗೊಂಡ ತೀರ್ಮಾನವನ್ನು ಇಲಾಖೆ ಬೆಂಬಲಿಸುತ್ತದೆ ಎಂದು ಸುತ್ತೋಲೆ ಹೊರಡಿಸಿದೆವು. ಹಾಗಿದ್ದರೂ ಬಂದ ಕಡತಗಳ ಮೇಲೆ, “ಈ ವಿಷಯದಲ್ಲಿ ತಾವೇ ಸಕ್ಷಮ ಪ್ರಾಧಿಕಾರಿಯಾಗಿದ್ದು, ತಮ್ಮ ಹಂತದಲ್ಲಿಯೇ ತೀರ್ಮಾನಿಸುವುದು” ಎಂದು ಬರೆದು ಹಿಂತಿರುಗಿಸುತ್ತಿದ್ದೆ. ಸುಮಾರು ಒಂದು ವರ್ಷ, ಹೆಚ್ಚುಕಡಿಮೆ ಪ್ರತಿದಿನವೂ ಆ ಸಾಲನ್ನು ಬರೆದಿದ್ದೇನೆ.