ಸಿಡಿಲು ಬಡಿದದ್ದು ಚಿಮಣಿಗೆ, ಸುಟ್ಟದ್ದು ಕಂಟ್ರೋಲ್ ರೂಮಿನ ಕಾರ್ಡು

ನಾನು ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ರಾತ್ರಿ ಬಾಯ್ಲರ್ ಚಿಮಣಿಗೆ ಸಿಡಿಲು ಬಡಿಯಿತು. ಬೆಳಿಗ್ಗೆ ಹೋಗಿ ನೋಡಿದರೆ ಚಿಮಣಿಗೆ ಏನೂ ಆಗಿರಲಿಲ್ಲ. ತುದಿಯ ಸಲಾಕೆ, ಕೆಳಗಿಳಿದ ತಾಮ್ರದ ಪಟ್ಟಿ ಎಲ್ಲ ನೆಟ್ಟಗಿತ್ತು. ಆದರೆ ಅಷ್ಟು ದೂರದ ಕಂಟ್ರೋಲ್ ರೂಮಿನಲ್ಲಿ ಪಿಎಲ್‌ಸಿಯ, ಅಂದರೆ ಮಷೀನುಗಳನ್ನು ನಡೆಸುವ ಕಂಪ್ಯೂಟರಿನ, ನಾಲ್ಕು ಇನ್‌ಪುಟ್ ಕಾರ್ಡ್ ಸತ್ತಿದ್ದವು. ಚಿಮಣಿ ಪಕ್ಕದ ಟ್ಯಾಂಕಿನ ಮಟ್ಟ ಅಳೆದು ಕಂಟ್ರೋಲ್ ರೂಮಿಗೆ ಕಳಿಸುವ ಲೆವೆಲ್ ಟ್ರಾನ್ಸ್‌ಮಿಟರ್‌ನ ಮುಚ್ಚಳ ಬಿಚ್ಚಿದೆ. ಸುಟ್ಟ ವಾಸನೆ ಮುಖಕ್ಕೆ ರಾಚಿತು. ಬೋರ್ಡಿನ ಮೇಲೆ ಒಂದು ಕಡೆ ತಾಮ್ರದ ಗೆರೆಯೇ ಇರಲಿಲ್ಲ, ಕಪ್ಪು ಮಸಿ ಮಾತ್ರ ಉಳಿದಿತ್ತು.

ಕಾರಣ ಹುಡುಕಲು ಎರಡು ದಿನ ಬೇಕಾಯಿತು. ಕಂಟ್ರೋಲ್ ಪ್ಯಾನೆಲ್‌ಗೆ ಬೇರೆಯೇ ಒಂದು ಅರ್ಥ್ ಪಿಟ್ (ಕರೆಂಟನ್ನು ನೆಲಕ್ಕಿಳಿಸುವ ಗುಂಡಿ) ತೋಡಿದ್ದರು. ಎಲೆಕ್ಟ್ರಾನಿಕ್ಸ್‌ಗೆ ‘ಕ್ಲೀನ್ ಅರ್ಥ್’ ಬೇಕು ಅಂತ ಯಾರೋ ಹೇಳಿದ್ದರಂತೆ. ಅದಕ್ಕೂ ಚಿಮಣಿಯ ಪಿಟ್‌ಗೂ ನೆಲದೊಳಗೆ ಸಂಬಂಧವೇ ಇರಲಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಸಾಮಾನ್ಯ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ಹರಿಯುತ್ತದೆ. ಪಿಟ್‌ನ ರೋಧ 10 ಓಮ್ ಎಂದುಕೊಳ್ಳೋಣ. ಒಂದಕ್ಕೊಂದು ಗುಣಿಸಿದರೆ 3 ಲಕ್ಷ ವೋಲ್ಟ್. ಆ ಒಂದು ಕ್ಷಣ ಚಿಮಣಿಯ ಬುಡದ ನೆಲದ ವೋಲ್ಟೇಜೇ ಅಷ್ಟು ಮೇಲಕ್ಕೆ ಏರುತ್ತದೆ. ಕಂಟ್ರೋಲ್ ರೂಮಿನ ನೆಲ ಇದ್ದಲ್ಲೇ ಇರುತ್ತದೆ. ಎರಡರ ನಡುವೆ ಇರುವ ಸೇತುವೆ ಎಂದರೆ ಆ ಬಡಪಾಯಿ ಸಿಗ್ನಲ್ ಕೇಬಲ್. ಅದು ಸುಡದೆ ಇನ್ನೇನಾಗುತ್ತದೆ?

ಹಾಗಾಗಿ ನನ್ನ ಮೊದಲ ಮಾತು ಸಲಾಕೆಯ ಬಗ್ಗೆ ಅಲ್ಲ, ಜೋಡಣೆಯ ಬಗ್ಗೆ. ಪವರ್ ಅರ್ಥ್, ಸಿಡಿಲಿನ ಅರ್ಥ್, ಇನ್‌ಸ್ಟ್ರುಮೆಂಟ್ ಅರ್ಥ್, ಟ್ಯಾಂಕು, ಪೈಪು, ಕೇಬಲ್ ಟ್ರೇ, ಕಟ್ಟಡದ ಕಬ್ಬಿಣ ಎಲ್ಲವನ್ನೂ ಒಂದಕ್ಕೊಂದು ಕಟ್ಟಿ. ಆಗ ಸಿಡಿಲು ಬಡಿದರೆ ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಕಟ್ಟಡದ ಸುತ್ತ, ಗೋಡೆಯಿಂದ ಸುಮಾರು 1 ಮೀಟರ್ ದೂರದಲ್ಲಿ, ಅರ್ಧ ಮೀಟರ್ ಆಳದಲ್ಲಿ ಉಂಗುರದ ಹಾಗೆ ಪಟ್ಟಿ ಹೂತರೆ ಈ ಕೆಲಸ ಸುಲಭ. ರೋಧ 10 ಓಮ್‌ಗಿಂತ ಕಡಿಮೆ ಇರಲಿ ಅನ್ನುವುದು ಒಳ್ಳೆಯ ಗುರಿಯೇ. ಆದರೆ 1 ಓಮ್ ಬಂತು ಅಂತ ಬೀಗಿ, ಪಿಟ್‌ಗಳನ್ನು ಬೇರೆ ಬೇರೆ ಬಿಟ್ಟರೆ ಏನೂ ಪ್ರಯೋಜನವಿಲ್ಲ. ತುಕ್ಕು ತಡೆಯಲು ಕ್ಯಾಥೋಡಿಕ್ ಪ್ರೊಟೆಕ್ಷನ್ ಇರುವ ಪೈಪ್‌ಲೈನ್ ಇದ್ದರೆ ಮಾತ್ರ ನೇರ ಕಟ್ಟಬೇಡಿ. ಸ್ಪಾರ್ಕ್ ಗ್ಯಾಪ್ ಮೂಲಕ, ಅಂದರೆ ಸಿಡಿಲು ಬಡಿದಾಗ ಮಾತ್ರ ಕರೆಂಟ್ ದಾಟುವ ಸಣ್ಣ ಬಿರುಕಿನ ಸಾಧನದ ಮೂಲಕ, ಕಟ್ಟಿ.

ಈಗ ಮೇಲಕ್ಕೆ ಹೋಗೋಣ. ಐಇಸಿ 62305 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ರಕ್ಷಣೆಗೆ ನಾಲ್ಕು ಹಂತಗಳಿವೆ. ಯಾವ ಹಂತ ಬೇಕು ಅನ್ನುವುದನ್ನು ಅಪಾಯದ ಲೆಕ್ಕ ಹಾಕಿ ತೀರ್ಮಾನಿಸುತ್ತಾರೆ. ಸಲಾಕೆ ಎಲ್ಲಿಡಬೇಕು ಅಂತ ನೋಡಲು ನನಗೆ ಇಷ್ಟವಾದದ್ದು ಉರುಳುವ ಚೆಂಡಿನ ಲೆಕ್ಕ. ಒಂದು ದೊಡ್ಡ ಚೆಂಡನ್ನು ನಿಮ್ಮ ಪ್ಲಾಂಟಿನ ಮೇಲೆ ಉರುಳಿಸಿದಂತೆ ಕಲ್ಪಿಸಿಕೊಳ್ಳಿ. ಅತಿ ಬಿಗಿಯಾದ ಒಂದನೇ ಹಂತಕ್ಕೆ ಅದರ ತ್ರಿಜ್ಯ 20 ಮೀಟರ್. ಆಮೇಲೆ 30, 45, 60. ಚೆಂಡು ಎಲ್ಲೆಲ್ಲಿ ತಾಗುತ್ತದೋ ಅಲ್ಲಿಗೆ ಸಿಡಿಲು ಬರಬಹುದು. ಎಲ್ಲಿ ತಾಗುವುದಿಲ್ಲವೋ ಆ ಜಾಗ ರಕ್ಷಣೆಯೊಳಗೆ. ಡ್ರಾಯಿಂಗ್ ಮಾಡಿದ ಮೇಲೆ ಛಾವಣಿಗೆ ಹೊಸ ಎಸಿ, ಹೊಸ ಕ್ಯಾಮೆರಾ ಕಂಬ ಬಂದರೆ ಚೆಂಡನ್ನು ಮತ್ತೆ ಉರುಳಿಸಲೇಬೇಕು. ಇದನ್ನು ತುಂಬ ಜನ ಮರೆಯುತ್ತಾರೆ. ಒಂದು ಕಡೆ ಕ್ಯಾಮೆರಾ ಕಂಬ ಸಲಾಕೆಗಿಂತ ಎತ್ತರಕ್ಕೆ ನಿಂತಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಒಂದೇ ವಿಶೇಷ ಸಲಾಕೆ ಇಡೀ ಕ್ಯಾಂಪಸ್ಸಿಗೆ ಸಾಕು ಅಂತ ಯಾರಾದರೂ ಮಾರಲು ಬಂದರೆ ದಯವಿಟ್ಟು ನಂಬಬೇಡಿ. ಆ ಮಾನದಂಡದ ಪ್ರಕಾರ ಲೋಹದ ನಿಜವಾದ ಎತ್ತರ, ಅಳತೆಯಷ್ಟೇ ಲೆಕ್ಕಕ್ಕೆ.

ಕೆಳಗಿಳಿಯುವ ಪಟ್ಟಿ ಕನಿಷ್ಠ ಎರಡಿರಲಿ. ಒಂದನೇ ಮತ್ತು ಎರಡನೇ ಹಂತಕ್ಕೆ ಕಟ್ಟಡದ ಸುತ್ತ ಸುಮಾರು 10 ಮೀಟರ್‌ಗೆ ಒಂದು ಬೇಕು. ಪಟ್ಟಿಯ ಅಡ್ಡಕೊಯ್ತದ ಅಳತೆ ಕನಿಷ್ಠ 50 ಚದರ ಮಿಲಿಮೀಟರ್. ಆದಷ್ಟು ನೇರ ಇಳಿಸಿ, ಸುರುಳಿ ಬೇಡ. ಉಕ್ಕಿನ ಕಂಬಗಳು ಮೇಲಿಂದ ಕೆಳಗೆ ತುಂಡಾಗದೆ ಜೋಡಿಕೊಂಡಿದ್ದರೆ ಅವನ್ನೇ ಬಳಸಬಹುದು. ತಾಮ್ರವನ್ನು ಅಲ್ಯೂಮಿನಿಯಂಗೆ ನೇರ ಬೋಲ್ಟ್ ಮಾಡಬೇಡಿ, ಅಲ್ಯೂಮಿನಿಯಂ ಕೊರೆದು ಹೋಗುತ್ತದೆ. ಉಕ್ಕಿನ ಇಂಧನ ಟ್ಯಾಂಕಿನ ತಗಡು 4 ಮಿಲಿಮೀಟರ್‌ಗಿಂತ ತೆಳ್ಳಗಿದ್ದರೆ ಸಿಡಿಲು ತೂತು ಮಾಡಬಹುದು. ಅಂಥ ಕಡೆ ಬೇರೆ ಸಲಾಕೆ ಬೇಕು.

ಇನ್ನು ಎಸ್‌ಪಿಡಿ, ಅಂದರೆ ಸರ್ಜ್ ತಡೆಯುವ ಸಾಧನ. ಮೇನ್ ಪ್ಯಾನೆಲ್‌ನಲ್ಲಿ ಸಿಡಿಲಿನ ಕರೆಂಟನ್ನೇ ತಾಳುವ ಟೈಪ್ 1, ಒಳಗಿನ ಪ್ಯಾನೆಲ್‌ಗಳಲ್ಲಿ ಉಳಿದ ಸರ್ಜ್ ತಡೆಯುವ ಟೈಪ್ 2. ಸಿಗ್ನಲ್ ಕೇಬಲ್‌ಗೂ ಬೇಕು, ಎರಡೂ ತುದಿಯಲ್ಲಿ. ನಾನು ಅತಿ ಜಾಸ್ತಿ ಕಾಣುವ ತಪ್ಪು ವೈರಿನ ಉದ್ದದ್ದು. ಎಸ್‌ಪಿಡಿಗೆ ಹೋಗುವ ವೈರು, ಅಲ್ಲಿಂದ ಅರ್ಥ್ ಬಾರಿಗೆ ಹೋಗುವ ವೈರು ಎರಡೂ ಸೇರಿ ಅರ್ಧ ಮೀಟರ್ ದಾಟಬಾರದು. ಮಿಕ್ಕಿದ ವೈರನ್ನು ಅಂದವಾಗಿ ಸುತ್ತಿ ಟೈ ಹಾಕಿಬಿಡುತ್ತಾರೆ. ನೋಡಲು ಚೆಂದ. ಆದರೆ ಮೈಕ್ರೊಸೆಕೆಂಡಿಗೆ 1,000 ಆಂಪಿಯರ್ ವೇಗದಲ್ಲಿ ಕರೆಂಟ್ ಏರಿದರೆ, ನೆಟ್ಟಗಿರುವ ಒಂದು ಮೀಟರ್ ವೈರಿನ ಮೇಲೇ ಸುಮಾರು 1,000 ವೋಲ್ಟ್ ಬೀಳುತ್ತದೆ. ಅದೂ ನಿಮ್ಮ ಮಷೀನಿಗೇ ಸೇರುತ್ತದೆ. ವೈರು ಕತ್ತರಿಸಿ, ಸುತ್ತಬೇಡಿ.

ಮಷೀನಿಗಿಂತ ಮೊದಲು ಜನ, ಅಲ್ವಾ? ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಛಾವಣಿ, ಟ್ಯಾಂಕಿನ ಮೇಲೆ ಇರುವವರನ್ನೆಲ್ಲ ಕೆಳಗಿಳಿಸಿ ಒಳಗೆ ಕಳಿಸಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಯಾರೂ ಮತ್ತೆ ಹತ್ತಬಾರದು. ಕೆಳಗಿಳಿದ ಪಟ್ಟಿಯಿಂದ 3 ಮೀಟರ್ ದೂರ ನಿಲ್ಲಲು ಬೋರ್ಡ್ ಹಾಕಿ.

ಗುಡುಗಿನ ಕಾಲ ಶುರುವಾಗುವ ಮೊದಲು ಒಂದು ಸುತ್ತು ಬನ್ನಿ. ಸುಮ್ನೆ ಕಣ್ಣಲ್ಲಿ ನೋಡಿ ಟಿಕ್ ಹಾಕಬೇಡಿ. ಪ್ರತಿ ಟೆಸ್ಟ್ ಜಾಯಿಂಟನ್ನೂ (ಪರೀಕ್ಷೆಗೆ ಬಿಚ್ಚಲು ಪಟ್ಟಿಯಲ್ಲಿ ಇಟ್ಟ ಬೋಲ್ಟ್ ಜೋಡಣೆ) ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಹಸಿರು ಕಿಲುಬು ಇದ್ದರೆ ಬಿಚ್ಚಿ, ಉಜ್ಜಿ, ಮತ್ತೆ ಬಿಗಿ ಮಾಡಿ. ಎಸ್‌ಪಿಡಿಯ ಪುಟ್ಟ ಕಿಟಕಿ ಕೆಂಪಾಗಿದ್ದರೆ ಕಾರ್ಟ್ರಿಜ್ ಬದಲಿಸಿ. ಹೋದ ಸಲ ನಾನು ಹೀಗೆ ಹೊರಟಾಗ, ಮೂರು ವರ್ಷದಿಂದ ‘ಸರಿ ಇದೆ’ ಅಂತ ರಿಜಿಸ್ಟರ್‌ನಲ್ಲಿ ಬರೆದಿದ್ದ ಒಂದು ಪಟ್ಟಿ ಬೋಲ್ಟ್ ಸಮೇತ ಕೈಗೆ ಬಂತು.