ಸ್ಕ್ರ್ಯಾಂಟನ್ನಿನ ಮೊದಲ ಚಳಿಗಾಲ: ಕಲ್ಲಿದ್ದಲ ಒಲೆ ಹೊತ್ತಿಸುವ ನಮ್ಮೂರವರಿಗೆ

ಶಿರಸಿ, ಸಿದ್ದಾಪುರ, ಕಾರವಾರದ ಕಡೆಯಿಂದ ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್, ವಿಲ್ಕ್ಸ್-ಬ್ಯಾರಿ ಸುತ್ತಮುತ್ತ ಬಂದು ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದವರಿಗೆ ನೆಲಮಾಳಿಗೆಯಲ್ಲಿ ಕಲ್ಲಿದ್ದಲ ಒಲೆಯೊಂದು ಕಂಡರೆ ಅಚ್ಚರಿಪಡಬೇಕಿಲ್ಲ. ಇದು ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲಿನ ಸೀಮೆ. ಬಚ್ಚಲೊಲೆಗೆ ಬೆಂಕಿ ಹಾಕಿ, ಅಡಿಕೆ ಬೇಯಿಸುವ ಹಂಡೆಯ ಮುಂದೆ ಕೂತು ಬೆಳೆದ ನಮಗೆ ಬೆಂಕಿ ಹೊಸತಲ್ಲವಾದರೂ, ಆ ರೂಢಿಗಳೇ ಇಲ್ಲಿ ಮೊದಲು ಕೈಕೊಡುತ್ತವೆ.

ಆಂಥ್ರಸೈಟಿಗೆ ಗಾಳಿ ಕೆಳಗಿನಿಂದ, ಜಾಲರಿಯ ಸಂದಿಯಿಂದಲೇ ಏರಬೇಕು. 1808ರ ಫೆಬ್ರವರಿಯಲ್ಲಿ ವಿಲ್ಕ್ಸ್-ಬ್ಯಾರಿಯ ಜೆಸ್ಸಿ ಫೆಲ್ ಎಂಬವರು ಕಬ್ಬಿಣದ ಜಾಲರಿಯ ಮೇಲೆ ಇದನ್ನು ಉರಿಸಿ ತೋರಿಸಿದ್ದರು. ನಾನಾದರೋ ಮೊದಲ ಚಳಿಗಾಲದಲ್ಲಿ ಊರಿನಂತೆಯೇ ಸಲಾಕೆಯಿಂದ ಮೇಲಿಂದ ಕೆದಕುತ್ತ, ಹಿಡಿ ಹಿಡಿಯಾಗಿ ಕಲ್ಲಿದ್ದಲು ಹಾಕುತ್ತ ಕೂತಿದ್ದೆ; ದಿನವೂ ಬೆಳಗಾಗುವಷ್ಟರಲ್ಲಿ ಒಲೆ ತಣ್ಣಗಾಗಿರುತ್ತಿತ್ತು. ಪಕ್ಕದ ಮನೆಯ ಹಿರಿಯರೊಬ್ಬರು ಸರಿಯಾದ ಕ್ರಮ ಹೇಳಿಕೊಟ್ಟರು. ಒಣ ಕಟ್ಟಿಗೆಯಿಂದ ಒಳ್ಳೆಯ ಕೆಂಡ ಮಾಡಿಕೊಂಡು, ಅದರ ಮೇಲೆ ಕಲ್ಲಿದ್ದಲನ್ನು ತೆಳ್ಳಗೆ ಹರಡಿ, ಅದು ಹಿಡಿದ ಮೇಲೆ ಒಲೆ ತುಂಬ ಹಾಕಬೇಕು. ಆಮೇಲೆ ಸುಮಾರು 12 ಗಂಟೆಗೊಮ್ಮೆ ಕೆಳಗಿನ ಗಾಳಿ ಬಿಟ್ಟು ಬೆಂಕಿ ಚುರುಕಾದ ಮೇಲೆ, ಬೂದಿಯ ತಟ್ಟೆಗೆ ಕೆಂಪು ಕಿಡಿ ಬೀಳುವವರೆಗೆ ಜಾಲರಿಯನ್ನು ಅಲ್ಲಾಡಿಸಿ, ಮತ್ತೆ ತುಂಬಿದರಾಯಿತು. ತುಂಬುವಾಗ ಒಂದು ಮೂಲೆಯ ಕೆಂಡವನ್ನು ಮಾತ್ರ ಮುಚ್ಚಬೇಡಿ. ಹೊಸ ಕಲ್ಲಿದ್ದಲಿನಿಂದ ಏಳುವ ಅನಿಲ ಆ ಕೆಂಡಕ್ಕೆ ತಾಗಿ, ಕಪ್ಪು ರಾಶಿಯ ಮೇಲೆ ನೀಲಿ ಜ್ವಾಲೆಗಳು ಒಂದೊಂದಾಗಿ ಎದ್ದು ಕುಣಿಯತೊಡಗುತ್ತವೆ. ಅವು ಕಾಣುವ ತನಕ ಕೆಳಗಿನ ಗಾಳಿಯನ್ನು ತಗ್ಗಿಸಬಾರದು. ಕೆಂಡವನ್ನು ಪೂರ್ತಿ ಮುಚ್ಚಿಬಿಟ್ಟರೆ ಅನಿಲ ಒಳಗೇ ತುಂಬಿಕೊಂಡು ಒಮ್ಮೆಗೇ ಭುಗ್ಗೆಂದು ಹೊತ್ತಿಕೊಳ್ಳುತ್ತದೆ.

ಆ ನೀಲಿ ಜ್ವಾಲೆ ಎಂದರೆ ಉರಿಯುತ್ತಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ಊರಿನ ಹಂಚಿನ ಮನೆಯಲ್ಲಿ ಹೊಗೆ ಹಂಚಿನ ಸಂದಿಯಿಂದ ತಾನಾಗಿ ಹೋಗುತ್ತದೆ, ಹೆಚ್ಚಾದರೆ ಕಣ್ಣುರಿದು ನಮ್ಮನ್ನು ಎಚ್ಚರಿಸುತ್ತದೆ. ಇಲ್ಲಿ ಚಳಿಗೆಂದು ಕಿಟಕಿ ಬಾಗಿಲುಗಳನ್ನು ಬಿಗಿದಿರುತ್ತಾರೆ, ಆಂಥ್ರಸೈಟಿಗೆ ಹೊಗೆಯೇ ಇಲ್ಲವೆನ್ನುವಷ್ಟು ಕಡಿಮೆ, ಈ ಅನಿಲಕ್ಕಂತೂ ವಾಸನೆಯೂ ಇಲ್ಲ. ಆದ್ದರಿಂದ ಪ್ರತಿ ಮಹಡಿಯಲ್ಲೂ, ಮಲಗುವ ಕೋಣೆಗಳ ಹತ್ತಿರವೂ ಅದರ ಅಲಾರಂ ಇಲ್ಲದೆ ಒಲೆಗೆ ಬೆಂಕಿ ಹಾಕಲೇಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅಲಾರಂ ಕೂಗಿದರೆ, ಅಥವಾ ಮನೆಯವರಿಗೆಲ್ಲ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ, ಕಾರಣ ಹುಡುಕುತ್ತ ನಿಲ್ಲದೆ ಮಕ್ಕಳನ್ನು ಕರೆದುಕೊಂಡು ಹೊರಗೆ ಬಂದು 911ಕ್ಕೆ ಕರೆ ಮಾಡಿ.

ಕೈಯಿಂದ ತುಂಬುವ ಒಲೆಗೆ ಸಾಮಾನ್ಯವಾಗಿ ‘ನಟ್’ ಗಾತ್ರದ ಕಲ್ಲಿದ್ದಲು, ಮೋಟರಿನಿಂದ ತಾನೇ ಉಣಿಸಿಕೊಳ್ಳುವ ಸ್ಟೋಕರಿಗೆ ‘ರೈಸ್’ ಅಥವಾ ‘ಬಕ್‌ವೀಟ್’ ಎಂಬ ಇನ್ನೂ ಸಣ್ಣ ಗಾತ್ರದ್ದು ಬೇಕು. ಕಟ್ಟಿಗೆಯಂತೆ ಇದನ್ನು ಮಳೆಗೆ ಮುಂಚೆ ಕೊಟ್ಟಿಗೆ ಸೇರಿಸುವ ಧಾವಂತವಿಲ್ಲ, ನೆನೆದರೂ ಕೆಡುವುದಿಲ್ಲ.

ಬೂದಿಯನ್ನು ಮಾತ್ರ ಊರಿನಲ್ಲಿ ತೆಂಗಿನ ಬುಡಕ್ಕೆ ಹಾಕಿದಂತೆ ತರಕಾರಿ ಮಡಿಗೆ ಹಾಕಬಾರದು, ಏಕೆಂದರೆ ಕಲ್ಲಿದ್ದಲ ಬೂದಿಯಲ್ಲಿ ಆರ್ಸೆನಿಕ್‌ನಂಥ ವಿಷಗಳಿರುತ್ತವೆ. ಒಳಗಿನ ಕೆಂಡ ಬಹಳ ಹೊತ್ತು ಆರದಿರುವುದರಿಂದ ಅದನ್ನು ಮುಚ್ಚಳವಿರುವ ಲೋಹದ ಬಕೆಟ್ಟಿನಲ್ಲಿ, ಮರದ ಜಗಲಿಯಿಂದ ದೂರ ಇಡಿ. ವಸಂತದಲ್ಲಿ ಒಲೆ ಆರಿಸಿದ ವಾರದಲ್ಲೇ ಹೊಗೆಕೊಳವೆ ಬಿಚ್ಚಿ ಒಳಗಿನ ಬೂದಿಯನ್ನು ಪೂರ್ತಿ ತೆಗೆಸಿ. ಬೇಸಿಗೆಯ ತೇವ ತಾಗಿದರೆ ಅದರಲ್ಲಿನ ಗಂಧಕ ಕಬ್ಬಿಣವನ್ನು ತಿಂದು ಮುಂದಿನ ಚಳಿಗಾಲದ ಹೊತ್ತಿಗೆ ಕೊಳವೆಯನ್ನು ತೂತು ಮಾಡಿಟ್ಟಿರುತ್ತದೆ.