ಕಾರಿನ ಟೈರಿಗೆ ಎಷ್ಟು ಗಾಳಿ: ಬಾಗಿಲ ಚೀಟಿಯಿಂದ ಬಂಕಿನವರೆಗೆ

ಬೆಂಗಳೂರಿನ ಪೆಟ್ರೋಲ್ ಬಂಕಿನಲ್ಲಿ ಗಾಳಿ ಯಂತ್ರದ ಎದುರು ಕಾರು ನಿಲ್ಲಿಸಿದ ಕೂಡಲೇ “ಎಷ್ಟು ಹಾಕ್ಲಿ ಸಾರ್, ಮೂವತ್ತೈದಾ?” ಎಂಬ ಪ್ರಶ್ನೆ ಬರುತ್ತದೆ. ಮೊದಲು ಬಂದಿದ್ದ ಕಾರಿನ ಅಂಕಿ ಯಂತ್ರದಲ್ಲಿ ಹಾಗೆಯೇ ಉಳಿದಿರುತ್ತದೆ, ನಮ್ಮ ಹಿಂದೆ ಇನ್ನೆರಡು ವಾಹನಗಳು ಕಾದಿರುತ್ತವೆ, ನಾವು ಹ್ಞೂಂ ಎಂದುಬಿಡುತ್ತೇವೆ. ಇದರಲ್ಲಿ ಕೇಳಿದ ಹುಡುಗನ ತಪ್ಪೇನೂ ಇಲ್ಲ. ದಿನವಿಡೀ ಬಗೆಬಗೆಯ ವಾಹನಗಳಿಗೆ ಗಾಳಿ ಹಾಕುವ ಅವನಿಗೆ ಪ್ರತಿಯೊಂದರ ಲೆಕ್ಕ ತಿಳಿದಿರಲು ಸಾಧ್ಯವಿಲ್ಲ. ತಿಳಿದಿರಬೇಕಾದವರು ನಾವು. ನಮ್ಮ ಕಾರಿಗೆ ಸಲ್ಲುವ ಅಂಕಿಯನ್ನು ಕಂಡುಕೊಳ್ಳುವುದು ಐದು ನಿಮಿಷದ ಕೆಲಸ. ಆದರೆ ಟೈರಿನೊಳಗೆ ನಿಜವಾಗಿಯೂ ಅಷ್ಟೇ ಗಾಳಿ ಇರುವಂತೆ ಮಾಡುವುದಕ್ಕೆ, ಅದರಲ್ಲೂ ಈ ಊರಿನ ಟ್ರಾಫಿಕ್ಕಿನ ನಡುವೆ, ಸ್ವಲ್ಪ ಉಪಾಯ ಬೇಕಾಗುತ್ತದೆ.

ಚಾಲಕನ ಬಾಗಿಲನ್ನು ತೆರೆದು, ಅದು ಮುಚ್ಚಿದಾಗ ಕೂರುವ ಕಂಬದ ಕೆಳಭಾಗವನ್ನು ನೋಡಿದರೆ ಒಂದು ಚಿಕ್ಕ ಚೀಟಿ ಅಂಟಿಸಿರುವುದು ಕಾಣುತ್ತದೆ. ಕೆಲವು ಕಾರುಗಳಲ್ಲಿ ಅದು ಬಾಗಿಲಿನ ಅಂಚಿನಲ್ಲೋ ಇಂಧನ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲೋ ಇರುತ್ತದೆ. ಎಲ್ಲಿಯೂ ಸಿಗದಿದ್ದರೆ ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಅದೇ ಮಾಹಿತಿ ಇರುತ್ತದೆ. ಟೈರಿನ ಅಳತೆ, ಮುಂದಿನ ಚಕ್ರಗಳ ಒತ್ತಡ, ಹಿಂದಿನ ಚಕ್ರಗಳ ಒತ್ತಡ ಇವಿಷ್ಟನ್ನು ಅಲ್ಲಿ ಬೇರೆಬೇರೆಯಾಗಿ ನಮೂದಿಸಿರುತ್ತಾರೆ. ಅನೇಕ ಕಾರುಗಳಲ್ಲಿ ಕಡಿಮೆ ಹೊರೆಗೆ ಒಂದು ಸಾಲು, ಪೂರ್ಣ ಹೊರೆಗೆ ಇನ್ನೊಂದು ಸಾಲು ಇದ್ದು, ಅಕ್ಷರಗಳ ಬದಲು ಮನುಷ್ಯರ ಮತ್ತು ಪೆಟ್ಟಿಗೆಯ ಚಿತ್ರಗಳಿಂದ ಆ ವ್ಯತ್ಯಾಸವನ್ನು ಸೂಚಿಸಿರುತ್ತಾರೆ. ಅಂಕಿ ಬಾರ್ ಅಥವಾ ಕಿಲೋಪ್ಯಾಸ್ಕಲ್‌ನಲ್ಲಿದ್ದರೆ ಗಾಬರಿಯಾಗಬೇಕಿಲ್ಲ: 1 ಬಾರ್ ಎಂದರೆ 100 ಕಿಲೋಪ್ಯಾಸ್ಕಲ್, ಎಂದರೆ ಬಂಕಿನಲ್ಲಿ ಒತ್ತಡ ಹೇಳುವ ಅಳತೆಯಾದ ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಲೆಕ್ಕದಲ್ಲಿ ಸುಮಾರು 14.5. ಹೀಗಾಗಿ 220 ಎಂದು ಬರೆದಿದ್ದರೆ ಅದು 32 ಪಿಎಸ್‌ಐ, 250 ಎಂದಿದ್ದರೆ 36. ಒಂದೇ ಹೆಸರಿನ ಕಾರಿನಲ್ಲಿಯೂ ರಿಮ್ಮಿನ ಅಳತೆ ಬದಲಾದರೆ ಒತ್ತಡ ಬೇರೆಯಾಗಬಹುದಾದ್ದರಿಂದ ಪಕ್ಕದ ಮನೆಯವರ ಅಂಕಿಯನ್ನು ಎರವಲು ಪಡೆಯಬಾರದು.

ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿರುವ 44 ಅಥವಾ 51 ಪಿಎಸ್‌ಐ ಎಂಬ ಅಂಕಿಯನ್ನು ನೋಡಿ ಅಷ್ಟು ಗಾಳಿ ಹಾಕಿಸುವವರೂ ಇದ್ದಾರೆ. ಅದು ಆ ಟೈರು ತಾಳಬಲ್ಲ ಗರಿಷ್ಠ ಮಿತಿಯೇ ಹೊರತು ನಿಮ್ಮ ಕಾರಿಗೆ ಹೇಳಿದ್ದಲ್ಲ. ಅದೇ ಟೈರು ಹಗುರವಾದ ಸಣ್ಣ ಕಾರಿಗೂ ಭಾರದ ಸೆಡಾನಿಗೂ ಹೋಗಬಹುದು. ಯಾವ ಕಾರಿಗೆ ಎಷ್ಟು ಬೇಕು ಎಂಬುದನ್ನು ಟೈರು ಮಾಡಿದವರಲ್ಲ, ಕಾರು ಮಾಡಿದವರು ಹೇಳಬೇಕು.

ಚೀಟಿಯ ಮೇಲಿನ ಅಂಕಿ ತಣ್ಣಗಿರುವ ಟೈರಿಗೆ ಸಂಬಂಧಿಸಿದ್ದು ಎಂಬುದನ್ನು ಬಹುತೇಕರು ಗಮನಿಸುವುದಿಲ್ಲ, ಎಲ್ಲ ಗೊಂದಲವೂ ಇಲ್ಲಿಂದಲೇ ಹುಟ್ಟುತ್ತದೆ. ತಣ್ಣಗೆ ಎಂದರೆ ಕಾರು ಕನಿಷ್ಠ ಮೂರು ಗಂಟೆ ನಿಂತಲ್ಲೇ ನಿಂತಿರಬೇಕು, ಅಥವಾ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಉರುಳುವಾಗ ರಬ್ಬರು ಮಡಚಿಕೊಂಡು ಬಿಚ್ಚಿಕೊಳ್ಳುತ್ತಾ ಕಾಯುತ್ತದೆ, ಒಳಗಿನ ಗಾಳಿಯೂ ಕಾಯುತ್ತದೆ, ಗಾಳಿಗೆ ಹಿಗ್ಗಲು ಜಾಗವಿಲ್ಲದ ಕಾರಣ ಒತ್ತಡ ಏರುತ್ತದೆ. ಕಾರಿನ ಟೈರಿನಲ್ಲಿ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಒಂದೂವರೆ ಪಿಎಸ್‌ಐ ಏರಿಕೆಯಾಗುವುದರಿಂದ, ಹೊರವರ್ತುಲ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ಬಂಕಿಗೆ ಬಂದ ಟೈರು ಮೂರು ನಾಲ್ಕು ಪಿಎಸ್‌ಐ ಹೆಚ್ಚು ತೋರಿಸಿದರೆ ಆಶ್ಚರ್ಯವಿಲ್ಲ. ಆಗ ಯಂತ್ರಕ್ಕೆ 33 ಎಂದು ಹೇಳಿದರೆ ಅದು ಇರುವ ಗಾಳಿಯನ್ನು ಹೊರಕ್ಕೆ ಬಿಡುತ್ತದೆ. ಮರುದಿನ ಬೆಳಿಗ್ಗೆ ಟೈರು ತಣ್ಣಗಾದಾಗ ಉಳಿದಿರುವುದು 29 ಅಥವಾ 30. ಗಾಳಿ ಹಾಕಿಸಿಕೊಂಡು ಬಂದೆವೆಂದು ನಾವು ನೆಮ್ಮದಿಯಿಂದಿರುತ್ತೇವೆ, ಟೈರು ಮಾತ್ರ ಹಸಿದುಕೊಂಡೇ ಇರುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಡಬಾರದು ಎಂಬ ನಿಯಮ ಇರುವುದು ಇದಕ್ಕಾಗಿಯೇ.

ಹಾಗಾದರೆ ಬಂಕು ನಾಲ್ಕು ಕಿಲೋಮೀಟರ್ ದೂರದಲ್ಲಿದ್ದು, ನಡುವೆ ಮೂರು ಸಿಗ್ನಲ್ಲುಗಳಿರುವವರು ಏನು ಮಾಡಬೇಕು? ನಾನು ಕೆಲವು ವರ್ಷಗಳಿಂದ ಅನುಸರಿಸುತ್ತಿರುವ ಕ್ರಮ ಸರಳವಾಗಿದೆ. ಸ್ವಂತಕ್ಕೆ ಒಂದು ಗೇಜ್ (ಟೈರಿನ ಒತ್ತಡ ಅಳೆಯುವ ಪುಟ್ಟ ಸಾಧನ) ಇಟ್ಟುಕೊಂಡು, ಬೆಳಿಗ್ಗೆ ಕಾರು ಹೊರತೆಗೆಯುವ ಮೊದಲು ಮನೆಯಲ್ಲೇ ನಾಲ್ಕೂ ಚಕ್ರಗಳನ್ನು ಅಳೆದು ಬರೆದುಕೊಳ್ಳುತ್ತೇನೆ. ಚೀಟಿಯ ಪ್ರಕಾರ 33 ಇರಬೇಕಾದಲ್ಲಿ ಮುಂದಿನ ಎಡಚಕ್ರ 29 ತೋರಿಸಿದರೆ ಅದಕ್ಕೆ ನಾಲ್ಕರ ಕೊರತೆ. ಬಂಕಿಗೆ ಹೋದಾಗ ಅದೇ ಚಕ್ರವನ್ನು ಮೊದಲು ಬರೀ ಅಳೆಯಲು ಹೇಳಬೇಕು. ಓಡಿದ ಬಿಸಿಗೆ ಅದು 31 ತೋರಿಸಿತು ಎಂದುಕೊಳ್ಳಿ, ಅದಕ್ಕೆ ಕೊರತೆಯ ನಾಲ್ಕನ್ನು ಸೇರಿಸಿ 35 ಹಾಕಿಸಬೇಕು. ಮರುದಿನ ಬೆಳಿಗ್ಗೆ ಮನೆಯ ಗೇಜಿನಲ್ಲಿ ಅಳೆದರೆ 33ರ ಆಸುಪಾಸಿಗೆ ಬಂದಿರುತ್ತದೆ, ಅರ್ಧವೋ ಒಂದೋ ಹೆಚ್ಚಿದ್ದರೆ ಆಗ ವಾಲ್ವಿನ ಪಿನ್ ಒತ್ತಿ ಅಷ್ಟು ಗಾಳಿ ಬಿಡಬಹುದು. ಈ ಕ್ರಮದಲ್ಲಿ ಇನ್ನೊಂದು ಅನುಕೂಲವಿದೆ: ಬಂಕಿನ ಯಂತ್ರ ಒಂದೆರಡು ಪಿಎಸ್‌ಐ ತಪ್ಪು ತೋರಿಸುತ್ತಿದ್ದರೂ ವ್ಯತ್ಯಾಸವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದರಿಂದ ಆ ತಪ್ಪು ನಮ್ಮನ್ನು ತಟ್ಟುವುದಿಲ್ಲ. ಒಮ್ಮೆ ಒಂದೇ ಸಂಜೆ ಎರಡು ಬಂಕುಗಳಲ್ಲಿ ಅಳೆಸಿದಾಗ ಎರಡು ಯಂತ್ರಗಳ ನಡುವೆ ಮೂರು ಪಿಎಸ್‌ಐ ಅಂತರ ಕಂಡ ಮೇಲೆಯೇ ನಾನು ಗೇಜ್ ಕೊಂಡದ್ದು.

ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಗಾಳಿ ಪಂಪ್ ಇದ್ದರೆ ಈ ಕೂಡು ಕಳೆಯುವಿಕೆ ಬೇಕಾಗುವುದೇ ಇಲ್ಲ, ತಣ್ಣಗಿರುವಾಗಲೇ ಮನೆಯಲ್ಲಿ ತುಂಬಿಸಿಕೊಳ್ಳಬಹುದು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಂಜಿನ್ ಚಾಲೂ ಇಟ್ಟು ಮಾತ್ರ ಇದನ್ನು ಮಾಡಬೇಡಿ, ಹೊಗೆ ಹೊರಹೋಗಲು ದಾರಿ ಇರುವುದಿಲ್ಲ. ಬೀದಿಯಲ್ಲಿ ನಿಲ್ಲಿಸುವವರು ಬಿಸಿಲು ಏರುವ ಮೊದಲೇ ಅಳೆಯುವುದು ಒಳ್ಳೆಯದು. ಒಂದು ಬದಿಗೆ ಬಿಸಿಲು, ಇನ್ನೊಂದು ಬದಿಗೆ ಮರದ ನೆರಳು ಬಿದ್ದಿದ್ದರೆ ಎರಡೂ ಕಡೆಯ ಅಂಕಿಗಳು ಬೇರೆಯಾಗಿ ಕಂಡು ಇಲ್ಲದ ಸೋರಿಕೆಯನ್ನು ಹುಡುಕುವಂತಾಗುತ್ತದೆ.

ಇನ್ನು ಯಾವ ಸಾಲನ್ನು ಆರಿಸಬೇಕು ಎಂಬ ಪ್ರಶ್ನೆ. ವಾರದ ದಿನಗಳಲ್ಲಿ ಒಬ್ಬರೋ ಇಬ್ಬರೋ ಕಚೇರಿಗೆ ಹೋಗಿಬರುವ ಕಾರಿಗೆ ಕಡಿಮೆ ಹೊರೆಯ ಸಾಲು ಸಾಕು. ಹಬ್ಬಕ್ಕೆ ಊರಿಗೆ ಹೊರಟಾಗ, ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಚೀಲಗಳ ಜೊತೆ ತೆಂಗಿನಕಾಯಿ, ಅಕ್ಕಿ ಇವೆಲ್ಲ ಸೇರಿದಾಗ ಹೆಚ್ಚಿನ ಭಾರ ಬೀಳುವುದು ಹಿಂದಿನ ಚಕ್ರಗಳ ಮೇಲೆ, ಪೂರ್ಣ ಹೊರೆಯ ಸಾಲಿನಲ್ಲಿ ಹಿಂದಿನ ಅಂಕಿ ಹೆಚ್ಚಾಗಿ ಏರಿರುವುದು ಅದಕ್ಕೇ. ಬಂಕಿನಲ್ಲಿ ನಾಲ್ಕಕ್ಕೂ ಒಂದೇ ಅಂಕಿ ಹಾಕಿಸಿದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಹೊರಡುವ ಹಿಂದಿನ ದಿನವೇ ಏರಿಸಿಟ್ಟು, ಮರಳಿ ಬಂದ ಮಾರನೆಯ ಬೆಳಿಗ್ಗೆ ಇಳಿಸಬೇಕು. ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ಮಿತಿಯವರೆಗೆ ಎಡೆಬಿಡದೆ ಓಡುವ, ಕಡಿಮೆ ಗಾಳಿಯ, ತುಂಬಿದ ಕಾರಿನ ಟೈರಿನಲ್ಲಿ ಪಕ್ಕೆಗಳು ಅತಿಯಾಗಿ ಮಡಚಿಕೊಂಡು ಕಾವು ಏರುತ್ತಲೇ ಹೋಗುತ್ತದೆ. ಟೈರು ಸಿಡಿಯುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಬೇಸಿಗೆಯೆಂದು ಗಾಳಿ ಕಡಿಮೆ ಮಾಡಿಸಿಕೊಂಡು ಹೊರಡುವವರು ತಪ್ಪಿಸಲು ಹೊರಟ ಅಪಾಯವನ್ನೇ ಕರೆದುಕೊಂಡಂತಾಗುತ್ತದೆ.

ರಸ್ತೆ ಉಬ್ಬುಗಳ ಕುಲುಕಾಟ ತಗ್ಗಲೆಂದು ನಾಲ್ಕೈದು ಪಿಎಸ್‌ಐ ಕಡಿಮೆ ಇಟ್ಟುಕೊಳ್ಳುವುದು ನಮ್ಮ ಊರಿನಲ್ಲಿ ಸಾಮಾನ್ಯ. ಸವಾರಿ ಮೆತ್ತಗಾಗುವುದು ನಿಜ, ಆದರೆ ನೀರು ತುಂಬಿದ ಗುಂಡಿಗೆ ಚಕ್ರ ಬಿದ್ದಾಗ ಟೈರು ರಿಮ್ಮಿಗೆ ಒತ್ತಿಕೊಂಡು ಒಳಗಿನ ನೂಲು ತುಂಡಾಗುವ ಸಾಧ್ಯತೆಯೂ ಅಷ್ಟೇ ಹೆಚ್ಚುತ್ತದೆ. ಹಾಗೆ ತುಂಡಾದಲ್ಲಿ ಪಕ್ಕೆ ಬುಗುಟಿನಂತೆ ಊದಿಕೊಳ್ಳುತ್ತದೆ, ಆ ಟೈರನ್ನು ಬದಲಿಸದೆ ಬೇರೆ ದಾರಿಯಿಲ್ಲ. ಇದಕ್ಕೆ ವಿರುದ್ಧವಾಗಿ ಮೈಲೇಜಿನ ಆಸೆಗೆ 40 ಹಾಕಿಸಿದರೆ ಟೈರಿನ ನಡುಭಾಗ ಮಾತ್ರ ನೆಲ ಮುಟ್ಟಿ ಹಿಡಿತ ಕಡಿಮೆಯಾಗುತ್ತದೆ. ಸವೆತವನ್ನು ನೋಡಿದರೇ ಹಿಂದಿನ ತಿಂಗಳುಗಳ ಕಥೆ ತಿಳಿಯುತ್ತದೆ: ನಡುವೆ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚುಗಳು ಸವೆದಿದ್ದರೆ ಕಡಿಮೆಯಾಗಿತ್ತು, ಒಂದೇ ಅಂಚು ಸವೆದಿದ್ದರೆ ಅದು ಬಹುಮಟ್ಟಿಗೆ ಗಾಳಿಯ ವಿಷಯವಲ್ಲ, ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ ಕೆಲಸ) ಮಾಡಿಸಬೇಕು. ಕಣ್ಣಳತೆಯನ್ನಾಗಲಿ ಕಾಲಿನಿಂದ ಒದೆಯುವುದನ್ನಾಗಲಿ ನಂಬಬಾರದು, ಏಕೆಂದರೆ ಈಗಿನ ರೇಡಿಯಲ್ ಟೈರಿನ ಕೆಳಭಾಗ ಸರಿಯಾದ ಒತ್ತಡದಲ್ಲಿಯೂ ಸ್ವಲ್ಪ ಉಬ್ಬಿಯೇ ಕಾಣುತ್ತದೆ.

ಆರೋಗ್ಯವಾಗಿರುವ ಟೈರೂ ತಿಂಗಳಿಗೆ ಸುಮಾರು ಒಂದು ಪಿಎಸ್‌ಐ ಕಳೆದುಕೊಳ್ಳುತ್ತದೆ. ಏಪ್ರಿಲ್‌ನ 35 ಡಿಗ್ರಿಯ ಮಧ್ಯಾಹ್ನ ಸರಿಯಾಗಿದ್ದ ಟೈರು ಜನವರಿಯ 15 ಡಿಗ್ರಿಯ ನಸುಕಿನಲ್ಲಿ, ಸೋರಿಕೆ ಒಂದಿಷ್ಟೂ ಇಲ್ಲದಿದ್ದರೂ, ಮೂರು ಪಿಎಸ್‌ಐ ಕಡಿಮೆ ತೋರಿಸುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಮತ್ತು ದೂರದ ಪ್ರಯಾಣಕ್ಕೆ ಮೊದಲು ಅಳೆಯಬೇಕು. ಎತ್ತರದ ಪರಿಣಾಮವೂ ಇದೆ ಎಂಬುದು ಕೆಲವರಿಗೆ ಕುತೂಹಲ ಹುಟ್ಟಿಸಬಹುದು: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವುದರಿಂದ ಇಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ, ಮಂಗಳೂರಿಗೆ ಇಳಿದಾಗ ಗೇಜ್ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ ತೋರಿಸಬೇಕು, ಆದರೆ ಕರಾವಳಿಯ ಸೆಕೆ ಅದರಲ್ಲಿ ಒಂದು ಪಾಲನ್ನು ಮರಳಿ ತುಂಬಿಕೊಡುತ್ತದೆ. ಒಂದೆರಡು ದಿನದ ಪ್ರವಾಸಕ್ಕೆ ಇದನ್ನು ತಲೆಗೆ ಹಚ್ಚಿಕೊಳ್ಳಬೇಕಿಲ್ಲ.

ಒಂದೇ ಚಕ್ರ ಮತ್ತೆ ಮತ್ತೆ ಕಡಿಮೆ ತೋರಿಸಿದರೆ ಗಾಳಿ ತುಂಬಿಸುತ್ತಾ ಹೋಗುವುದಲ್ಲ, ಪಂಕ್ಚರ್ ಅಂಗಡಿಗೆ ಒಯ್ಯಬೇಕು. ಮೊಳೆ, ಸಡಿಲವಾದ ವಾಲ್ವಿನ ಪಿನ್, ಗುಂಡಿಗೆ ಬಿದ್ದು ಅಂಚು ಬಾಗಿದ ಅಲಾಯ್ ರಿಮ್, ಈ ಮೂರರಲ್ಲಿ ಯಾವುದೆಂದು ಸೋಪಿನ ನೀರು ಹಚ್ಚಿದರೆ ಗುಳ್ಳೆಗಳೇ ಹೇಳುತ್ತವೆ. ಕೆಲವೆಡೆ ಸಾದಾ ಗಾಳಿಯ ಬದಲು ಟೈರಿಗೆ ತುಂಬುವ ನೈಟ್ರೋಜನ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ: ಸಾಮಾನ್ಯ ಗಾಳಿಯಲ್ಲೇ ಅದು ಶೇಕಡಾ 78 ಇರುವುದರಿಂದ ಮನೆಬಳಕೆಯ ಕಾರಿಗೆ ಸಿಗುವ ಲಾಭ ಅಲ್ಪ, ಅದು ಸಿಗದ ಕಡೆ ಸಾದಾ ಗಾಳಿ ಬೆರೆಸಿದರೆ ಯಾವ ಹಾನಿಯೂ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒತ್ತಡದ ಎಚ್ಚರಿಕೆ ದೀಪ ಇರುವವರೂ ಗೇಜನ್ನು ಬಿಡುವಂತಿಲ್ಲ, ಅಂಕಿ ತೋರಿಸದೆ ದೀಪ ಮಾತ್ರ ಉರಿಸುವ ವ್ಯವಸ್ಥೆಗಳು ಸಾಮಾನ್ಯವಾಗಿ ಒತ್ತಡ ಕಾಲು ಭಾಗದಷ್ಟು ಇಳಿಯುವವರೆಗೆ ಸುಮ್ಮನಿರುತ್ತವೆ.

ಗೇಜ್ ಕೈಯಲ್ಲಿರುವಾಗಲೇ ಡಿಕ್ಕಿ ತೆರೆದು ಸ್ಟೆಪ್ನಿಯನ್ನೂ ಅಳೆಯಬೇಕು. ಉಳಿದ ನಾಲ್ಕರಷ್ಟೇ ಅಳತೆಯ ಸ್ಟೆಪ್ನಿಯಾದರೆ ಚೀಟಿಯಲ್ಲಿರುವ ಅತಿ ಹೆಚ್ಚಿನ ಅಂಕಿಗೆ ತುಂಬಿಸಿಡಿ. ಯಾವ ಚಕ್ರದ ಜಾಗಕ್ಕೆ ಹಾಕಬೇಕಾಗಿ ಬಂದರೂ ಗಾಳಿ ಬಿಟ್ಟು ಸರಿಮಾಡಬಹುದು, ನಡುದಾರಿಯಲ್ಲಿ ತುಂಬಿಸುವುದು ಕಷ್ಟ. ತೆಳ್ಳಗಿನ ತಾತ್ಕಾಲಿಕ ಸ್ಟೆಪ್ನಿಯಾದರೆ ಅದರ ಮೇಲೆಯೇ ಅಂಕಿ ಬರೆದಿರುತ್ತದೆ, ಅದು ಹೆಚ್ಚಾಗಿ 60 ಪಿಎಸ್‌ಐ. ಬಂಕಿನಲ್ಲಿ ಅಷ್ಟು ಹಾಕಲು ಹೇಳಿದರೆ ಹುಡುಗ ಅನುಮಾನದಿಂದ ನೋಡುತ್ತಾನೆ, ಟೈರಿನ ಮೇಲಿನ ಬರಹವನ್ನು ತೋರಿಸಿದರೆ ಆಯಿತು.